ಜೇಬು ತಡಕುವ ಕೈ: ಪೀಟರ್ ಫಾಕ್ ಅವರ ಬದುಕು ಮತ್ತು ನಟನೆ

(ಹವ್ಯಾಸಿ ನಾಟಕ ತಂಡವೊಂದರ ನಟನಾ ಶಿಬಿರದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ನಿಮ್ಮಲ್ಲಿ ಮುಕ್ಕಾಲು ಪಾಲು ಜನ ಆಫೀಸು ಮುಗಿಸಿ ನೇರ ಇಲ್ಲಿಗೆ ಬಂದಿದ್ದೀರಿ. ಒಬ್ಬಿಬ್ಬರ ಕೊರಳಲ್ಲಿ ಐಡಿ ಕಾರ್ಡು ಇನ್ನೂ ನೇತಾಡುತ್ತಿದೆ. ಅದನ್ನು ನೋಡಿದ ಮೇಲೆ, ಇವತ್ತಿನ ಕಥೆಯನ್ನು ಹುಟ್ಟಿದ ಊರು, ಅಪ್ಪ ಅಮ್ಮ ಅಂತ ಶುರು ಮಾಡುವುದು ಬೇಡ ಅನ್ನಿಸಿತು. ಒಂದು ಸರ್ಕಾರಿ ಆಫೀಸಿನಿಂದ ಶುರು ಮಾಡೋಣ.

1950ರ ದಶಕದ ಅಮೆರಿಕ. ಕನೆಕ್ಟಿಕಟ್ ರಾಜ್ಯದ ರಾಜಧಾನಿ ಹಾರ್ಟ್‌ಫರ್ಡ್. ಅಲ್ಲಿನ ರಾಜ್ಯ ಬಜೆಟ್ ವಿಭಾಗದಲ್ಲಿ ಒಬ್ಬ ಯುವಕ ಕೆಲಸಕ್ಕೆ ಸೇರುತ್ತಾರೆ. ಸಿರಾಕ್ಯೂಸ್ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆಡಳಿತದ ಸ್ನಾತಕೋತ್ತರ ಪದವಿ ಮುಗಿಸಿ ಬಂದವರು. ಸರ್ಕಾರದ ಕೆಲಸ ಎಲ್ಲಿ ನಿಧಾನ ಆಗುತ್ತಿದೆ, ಎಲ್ಲಿ ಚುರುಕು ಮಾಡಬಹುದು ಅಂತ ನೋಡಿ ಹೇಳುವುದು ಅವರ ಕೆಲಸ. ಕೆಲಸಕ್ಕೆ ಸೇರಿದ ಮೊದಲ ದಿನವೇ ತಾನು ಹೋಗಬೇಕಾದ ಕಟ್ಟಡ ಎಲ್ಲಿದೆ ಅಂತ ಸಿಗದೆ ಅಲೆದಾಡಿದೆ ಎಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ. ಸಂಜೆಯಾದರೆ ಊರಿನ ಹವ್ಯಾಸಿ ತಂಡ ಮಾರ್ಕ್ ಟ್ವೇನ್ ಮಾಸ್ಕರ್ಸ್‌ನಲ್ಲಿ ನಾಟಕ. ಬೆಳಿಗ್ಗೆ ಫೈಲು, ಸಂಜೆ ತಾಲೀಮು. ನಿಮ್ಮ ಹಾಗೇ ಅಲ್ವಾ?

ಆ ಹೊತ್ತಿಗೆ ವೆಸ್ಟ್‌ಪೋರ್ಟ್ ಎಂಬ ಊರಿನಲ್ಲಿ ಇವಾ ಲ ಗಾಲಿಯೆನ್ ನಟನೆಯ ತರಗತಿ ನಡೆಸುತ್ತಿದ್ದರು. ನ್ಯೂಯಾರ್ಕಿನ ವೃತ್ತಿ ರಂಗಭೂಮಿ ಬ್ರಾಡ್‌ವೇಯ ದೊಡ್ಡ ಕಲಾವಿದೆ. 1926ರಲ್ಲಿ ಅಲ್ಲೇ ಸ್ವಂತ ರೆಪರ್ಟರಿ, ಅಂದರೆ ಕಾಯಂ ನಾಟಕ ತಂಡ, ಕಟ್ಟಿದವರು. ಆ ತರಗತಿ ವೃತ್ತಿಪರ ನಟರಿಗೆ ಮಾತ್ರ. ನಮ್ಮ ಯುವಕ ತಾನೂ ವೃತ್ತಿಪರ ಅಂತ ಸುಳ್ಳು ಹೇಳಿ ಸೇರಿಕೊಂಡರು. ಆದರೆ ಆಫೀಸು ಬಿಟ್ಟು ಹಾರ್ಟ್‌ಫರ್ಡ್‌ನಿಂದ ಕಾರು ಓಡಿಸಿಕೊಂಡು ಬರಬೇಕು. ಹಾಗಾಗಿ ಯಾವಾಗಲೂ ತಡ. ಒಂದು ದಿನ ಆಕೆ ಕೇಳಿಯೇಬಿಟ್ಟರು, ನೀನು ಯಾವಾಗಲೂ ಯಾಕೆ ತಡವಾಗಿ ಬರುತ್ತೀಯ ಅಂತ. ಹಾರ್ಟ್‌ಫರ್ಡ್‌ನಿಂದ ಬರಬೇಕು ಅಂದರು ಇವರು. ಹಾರ್ಟ್‌ಫರ್ಡ್‌ನಲ್ಲಿ ಎಲ್ಲಿಯ ರಂಗಭೂಮಿ, ಅಲ್ಲಿ ನೀನೇನು ಮಾಡುತ್ತೀಯ ಅಂದರು ಆಕೆ. ಇವರು ನಿಜ ಒಪ್ಪಿಕೊಂಡರು. ನಾನು ನಟ ಅಲ್ಲ ಅಂದರು. ಆಕೆ ಇವರ ಮುಖ ನೋಡಿ, ಆಗಬೇಕಿತ್ತು ನೀನು, ಅಂದರು.

ಅಷ್ಟೇ ಮಾತು. ಯುವಕ ವಾಪಸ್ ಹೋಗಿ ಕೆಲಸಕ್ಕೆ ರಾಜೀನಾಮೆ ಕೊಟ್ಟರು. 1956ರಲ್ಲಿ ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿಗೆ ಬಂದರು. ಹತ್ತಿರ ಹತ್ತಿರ 29 ವಯಸ್ಸು. ಅವರೇ ಪೀಟರ್ ಫಾಕ್.

ನಿಮ್ಮಲ್ಲಿ ಎಷ್ಟು ಜನ ‘ಕೊಲಂಬೊ’ ಟಿವಿ ಸರಣಿ ನೋಡಿದ್ದೀರಿ? ಮೂರೇ ಕೈ. ಪರವಾಗಿಲ್ಲ. ಉಳಿದವರಿಗೆ ಇಷ್ಟು ಗೊತ್ತಿದ್ದರೆ ಸಾಕು. ಲಾಸ್ ಏಂಜಲೀಸ್ ಪೊಲೀಸ್ ಇಲಾಖೆಯ ಒಬ್ಬ ಲೆಫ್ಟಿನೆಂಟ್. ಮುದುರಿದ ಮಳೆ ಕೋಟು, ಕೆದರಿದ ಕೂದಲು, ಬಾಯಲ್ಲಿ ಅಗ್ಗದ ಚುಟ್ಟಾ. 1968ರಿಂದ 2003ರವರೆಗೆ, 35 ವರ್ಷ, 69 ಕಂತುಗಳಲ್ಲಿ ಫಾಕ್ ಆ ಒಬ್ಬನೇ ಮನುಷ್ಯನಾಗಿ ನಟಿಸಿದರು. ಅಮೆರಿಕದ ಟಿವಿ ಲೋಕದ ದೊಡ್ಡ ಪ್ರಶಸ್ತಿ ಎಮ್ಮಿ. ಅವರಿಗೆ ಸಿಕ್ಕ ಐದು ಎಮ್ಮಿಗಳಲ್ಲಿ ನಾಲ್ಕು ಈ ಪಾತ್ರಕ್ಕೇ ಬಂದವು. ನಾನು ಇವತ್ತು ಹೇಳಬೇಕು ಅಂದುಕೊಂಡಿರುವುದು ಒಂದೇ ವಿಷಯ. ಈ ಪಾತ್ರವನ್ನು ಫಾಕ್ ಕಟ್ಟಿದ್ದು ಮಾತಿನಿಂದಲ್ಲ, ಸಾಮಾನಿನಿಂದ. ಕೈಗೆ ಸಿಕ್ಕ ಸಣ್ಣಪುಟ್ಟ ವಸ್ತುಗಳಿಂದ.

ಅದಕ್ಕೆ ಮೊದಲು ಸ್ವಲ್ಪ ಹಿಂದೆ ಹೋಗೋಣ. ಫಾಕ್ ಹುಟ್ಟಿದ್ದು 1927ರ ಸೆಪ್ಟೆಂಬರ್ 16ರಂದು, ನ್ಯೂಯಾರ್ಕಿನಲ್ಲಿ. ಬೆಳೆದದ್ದು ಅದೇ ರಾಜ್ಯದ ಆಸಿನಿಂಗ್ ಎಂಬ ಸಣ್ಣ ಊರಿನಲ್ಲಿ. ಅಪ್ಪನದು ಬಟ್ಟೆ ಅಂಗಡಿ. ಮೂರು ವರ್ಷದ ಮಗುವಾಗಿದ್ದಾಗ ಕಣ್ಣಿನ ಪರದೆಯಲ್ಲಿ ಗಡ್ಡೆ ಕಾಣಿಸಿತು. ಕ್ಯಾನ್ಸರ್. ಬಲಗಣ್ಣನ್ನೇ ತೆಗೆಯಬೇಕಾಯಿತು. ಅಲ್ಲಿಂದ ಜೀವನಪೂರ್ತಿ ಆ ಜಾಗದಲ್ಲಿ ಕೃತಕ ಕಣ್ಣು. ತೆರೆಯ ಮೇಲೆ ನಾವು ನೋಡುವ ಆ ಓರೆ ನೋಟ ಇದೆಯಲ್ಲ, ಅದು ಅಲ್ಲಿಂದ ಬಂದದ್ದು.

ಹೈಸ್ಕೂಲಿನ ಒಂದು ಬೇಸ್‌ಬಾಲ್ ಪಂದ್ಯದ ಕಥೆಯನ್ನು ಅವರು ಮತ್ತೆ ಮತ್ತೆ ಹೇಳುತ್ತಿದ್ದರು. ಮೂರನೇ ಬೇಸಿಗೆ ಜಾರಿಕೊಂಡು ಮುಟ್ಟಿದರು. ಅಂಪೈರ್ ಔಟ್ ಕೊಟ್ಟರು. ಔಟ್ ಅಲ್ಲ ಅಂತ ಇವರಿಗೆ ಖಾತ್ರಿ. ಹುಡುಗ ಎದ್ದು ನಿಂತು ತನ್ನ ಗಾಜಿನ ಕಣ್ಣು ತೆಗೆದು ಅಂಪೈರ್ ಕಡೆ ಚಾಚಿದ. ತಗೊಳ್ಳಿ, ನಿಮಗೆ ಬೇಕಾಗುತ್ತೆ, ಅನ್ನುವ ಹಾಗೆ. ಇಡೀ ಮೈದಾನ ನಕ್ಕಿತು. ನನಗೆ ಈ ಕಥೆ ಇಷ್ಟವಾಗುವುದು ಬರೀ ಧೈರ್ಯಕ್ಕಲ್ಲ. ಆ ವಯಸ್ಸಿಗೇ ಆ ಹುಡುಗನಿಗೆ ಒಂದು ವಿಷಯ ಗೊತ್ತಿತ್ತು ನೋಡಿ. ವಾದ ಮಾಡಿದ್ದರೆ ಯಾರೂ ಕೇಳುತ್ತಿರಲಿಲ್ಲ. ಒಂದು ವಸ್ತುವನ್ನು ತೆಗೆದು ಎದುರಿನವರ ಮುಂದೆ ಹಿಡಿದ. ಎಲ್ಲರಿಗೂ ಅರ್ಥವಾಯಿತು.

ಕಾಲೇಜು ಅರ್ಧಕ್ಕೆ ಬಿಟ್ಟರು. ಕಣ್ಣಿನ ಕಾರಣಕ್ಕೆ ಸೈನ್ಯಕ್ಕೆ ಸೇರಲಾಗಲಿಲ್ಲ. ವ್ಯಾಪಾರಿ ಹಡಗಿನಲ್ಲಿ ಅಡುಗೆಯವರಾಗಿ ದುಡಿದರು. ಮತ್ತೆ ಬಂದು ನ್ಯೂಯಾರ್ಕಿನ ನ್ಯೂ ಸ್ಕೂಲ್‌ನಲ್ಲಿ 1951ಕ್ಕೆ ಪದವಿ ಮುಗಿಸಿದರು. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎಗೆ ಅರ್ಜಿ ಹಾಕಿದ್ದೂ ಉಂಟು. ಹಡಗಿನ ಅಡುಗೆಯವರ ಸಂಘದಲ್ಲಿ ಇದ್ದವರು ಅಂತ ತೆಗೆದುಕೊಳ್ಳಲಿಲ್ಲ. ಆ ಕಾಲದಲ್ಲಿ ಎಡಪಂಥದ ವಾಸನೆ ಬಂದರೂ ಬಾಗಿಲು ಮುಚ್ಚುತ್ತಿದ್ದರು.

ನ್ಯೂಯಾರ್ಕಿಗೆ ಬಂದ ವರ್ಷವೇ ಸರ್ಕಲ್ ಇನ್ ದಿ ಸ್ಕ್ವೇರ್ ರಂಗಮಂದಿರದಲ್ಲಿ ಯುಜೀನ್ ಓನೀಲ್ ಅವರ ‘ದಿ ಐಸ್‌ಮ್ಯಾನ್ ಕಮೆತ್’ ನಾಟಕದಲ್ಲಿ ಬಾರ್ ಹುಡುಗನ ಪಾತ್ರ ಸಿಕ್ಕಿತು. ಮುಖ್ಯ ಪಾತ್ರ ಜೇಸನ್ ರೊಬಾರ್ಡ್ಸ್ ಅವರದು. ನಾಟಕ ದೊಡ್ಡ ಹೆಸರು ಮಾಡಿತು. ಆದರೂ ಸಿನಿಮಾದ ಬಾಗಿಲು ಸುಲಭಕ್ಕೆ ತೆರೆಯಲಿಲ್ಲ. ಕೊಲಂಬಿಯಾ ಸ್ಟುಡಿಯೊದಲ್ಲಿ ಸ್ಕ್ರೀನ್ ಟೆಸ್ಟ್ ಆಯಿತು. ಅದರ ಮುಖ್ಯಸ್ಥ ಹ್ಯಾರಿ ಕೋನ್, ಇದೇ ದುಡ್ಡಿಗೆ ಎರಡು ಕಣ್ಣಿರುವ ನಟ ಸಿಗುತ್ತಾನೆ ಅಂದರಂತೆ. ಇದನ್ನು ಹೇಳುವಾಗಲೂ ಫಾಕ್ ನಗುತ್ತಲೇ ಹೇಳುತ್ತಿದ್ದರು. ನನಗೆ ಮಾತ್ರ ಓದಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ. ಒಬ್ಬ ಮನುಷ್ಯನಿಗೆ ಆಡುವ ಮಾತೇ ಅದು?

1960ರಲ್ಲಿ ‘ಮರ್ಡರ್ ಇಂಕ್’ ಚಿತ್ರದಲ್ಲಿ ಬಾಡಿಗೆ ಕೊಲೆಗಾರ ಏಬ್ ರೆಲೆಸ್ ಪಾತ್ರ ಮಾಡಿದರು. ಆಸ್ಕರ್ ನಾಮನಿರ್ದೇಶನ ಬಂತು. ಮರುವರ್ಷ ಫ್ರಾಂಕ್ ಕಾಪ್ರಾ ಅವರ ಚಿತ್ರಕ್ಕೆ ಇನ್ನೊಂದು ನಾಮನಿರ್ದೇಶನ. 1962ರಲ್ಲಿ ಟಿವಿ ನಾಟಕವೊಂದರಲ್ಲಿ ಟೊಮೆಟೊ ಲಾರಿ ಓಡಿಸುವವನ ಪಾತ್ರಕ್ಕೆ ಮೊದಲ ಎಮ್ಮಿ. ನಂತರ ವಕೀಲನ ಪಾತ್ರದ ಒಂದು ಸರಣಿ ಬಂತು, ಬೇಗ ನಿಂತುಹೋಯಿತು.

ಈಗ ಕೊಲಂಬೊ ವಿಷಯ.

ಈ ಪಾತ್ರವನ್ನು ಸೃಷ್ಟಿಸಿದ್ದು ರಿಚರ್ಡ್ ಲೆವಿನ್‌ಸನ್ ಮತ್ತು ವಿಲಿಯಂ ಲಿಂಕ್. ಫಿಲಡೆಲ್ಫಿಯಾದಲ್ಲಿ ಶಾಲಾ ದಿನಗಳಿಂದ ಗೆಳೆಯರು, ಜೊತೆಯಾಗಿಯೇ ಬರೆಯುತ್ತಿದ್ದವರು. ದೊಸ್ತೊಯೆವ್‌ಸ್ಕಿಯ ‘ಅಪರಾಧ ಮತ್ತು ಶಿಕ್ಷೆ’ಯಲ್ಲಿ ಪೊರ್ಫಿರಿ ಪೆಟ್ರೊವಿಚ್ ಅಂತ ಒಬ್ಬ ತನಿಖಾಧಿಕಾರಿ ಬರುತ್ತಾನಲ್ಲ, ಸುತ್ತಿ ಬಳಸಿ ಮಾತಾಡುತ್ತಲೇ ಅಪರಾಧಿಯನ್ನು ಸುಸ್ತು ಮಾಡುವವನು, ಅವನ ನೆರಳು ಕೊಲಂಬೊ ಮೇಲೆ ಇದೆ. 1960ರಲ್ಲಿ ಟಿವಿಯಲ್ಲಿ ಬರ್ಟ್ ಫ್ರೀಡ್ ಈ ಪಾತ್ರ ಮಾಡಿದ್ದರು. 1962ರಲ್ಲಿ ಅದು ರಂಗದ ಮೇಲೆ ಬಂದಾಗ ಥಾಮಸ್ ಮಿಚೆಲ್ ಮಾಡಿದರು. 1968ರಲ್ಲಿ ಟಿವಿ ಚಿತ್ರವಾದಾಗ ಫಾಕ್‌ಗಿಂತ ಮುಂಚೆ ಹಾಡುಗಾರ ಬಿಂಗ್ ಕ್ರಾಸ್ಬಿಯವರನ್ನು ಕೇಳಿದ್ದರು. ಅವರು ಒಲ್ಲೆ ಅಂದರು. ಹಾಗೆ ಪಾತ್ರ ಫಾಕ್ ಕೈಗೆ ಬಂತು.

ನಾಟಕದವರಾದ ನಿಮಗೆ ಇಲ್ಲಿ ಒಂದು ಸಂಗತಿ ಹೇಳಲೇಬೇಕು. ಕೊಲಂಬೊ ಅಂದರೆ ಎಲ್ಲರಿಗೂ ನೆನಪಾಗುವುದು ಒಂದು ಅಭ್ಯಾಸ. ಶಂಕಿತನ ಮನೆಯಲ್ಲಿ ಪ್ರಶ್ನೆ ಕೇಳುತ್ತಾನೆ, ಥ್ಯಾಂಕ್ಸ್ ಹೇಳುತ್ತಾನೆ, ಬಾಗಿಲವರೆಗೆ ಹೋಗುತ್ತಾನೆ. ಎದುರಿನವನು ನಿಟ್ಟುಸಿರು ಬಿಡುತ್ತಾನೆ. ಆಗ ತಿರುಗಿ, ಹಣೆಗೆ ಬೆರಳಿಟ್ಟು, ಇನ್ನೊಂದೇ ಒಂದು ವಿಷಯ ಸರ್, ಅನ್ನುತ್ತಾನೆ. ಅದು ಹುಟ್ಟಿದ್ದು ಹೇಗೆ ಗೊತ್ತಾ? ಲೆವಿನ್‌ಸನ್ ಮತ್ತು ಲಿಂಕ್ ನಾಟಕ ಬರೆಯುವಾಗ ಒಂದು ದೃಶ್ಯ ತೀರಾ ಚಿಕ್ಕದಾಯಿತು. ಕೊಲಂಬೊನನ್ನು ಆಗಲೇ ಹೊರಗೆ ಕಳಿಸಿಯಾಗಿತ್ತು. ಟೈಪ್‌ರೈಟರ್ ಕಾಲ. ಇಡೀ ದೃಶ್ಯ ಮತ್ತೆ ಟೈಪ್ ಮಾಡಬೇಕು. ಅದಕ್ಕೆ ಬೇಸರವಾಗಿ, ಅವನನ್ನೇ ಬಾಗಿಲಿಂದ ವಾಪಸ್ ಕರೆಸಿದರು. ಒಂದು ಪ್ರಶ್ನೆ ಕೇಳುವುದು ಮರೆತಿದ್ದೆ ಅಂತ ಬರೆದರು.

ಬರೆದವರು ಅಷ್ಟು ಮಾಡಿಟ್ಟರು. ಉಳಿದದ್ದು ಫಾಕ್ ಕೆಲಸ. ವಸ್ತ್ರ ವಿಭಾಗದವರು ಕೊಟ್ಟ ಬಟ್ಟೆ ಅವರಿಗೆ ಹಿಡಿಸಲಿಲ್ಲ. ಮನೆಗೆ ಹೋಗಿ ತಮ್ಮದೇ ಒಂದು ಮಳೆ ಕೋಟು ತಂದರು. ಅದನ್ನು 1966ರಲ್ಲಿ ನ್ಯೂಯಾರ್ಕಿನ 57ನೇ ಬೀದಿಯಲ್ಲಿ ಮಳೆಗೆ ಸಿಕ್ಕಿಕೊಂಡಾಗ ಪಕ್ಕದ ಅಂಗಡಿಗೆ ನುಗ್ಗಿ ಕೊಂಡಿದ್ದರು. 15 ಡಾಲರ್. ಆ ಒಂದೇ ಕೋಟು ಎಷ್ಟೋ ವರ್ಷ ನಡೆಯಿತು. ಬಿಸಿಲಿನ ಊರು ಲಾಸ್ ಏಂಜಲೀಸ್. ಅಲ್ಲಿ ಮಳೆ ಕೋಟು ಹಾಕಿ ಓಡಾಡುವ ಮನುಷ್ಯ! ನೋಡಿದ ಕೂಡಲೇ ಇವನು ಈ ಊರಿನ ಥಳುಕಿಗೆ ಸೇರಿದವನಲ್ಲ ಅಂತ ಗೊತ್ತಾಗುತ್ತದೆ. ಹಳೆಯ ಕೋಟು ಈಗ ಎಲ್ಲಿದೆ ಅಂತ ಯಾರಾದರೂ ಕೇಳಿದರೆ, ಮನೆಯ ಮಹಡಿಯ ಬೀರುವಿನಲ್ಲಿದೆ, ದಿನಾ ರಾತ್ರಿ ಅದರ ಮುಂದೆ ಒಂದು ಬಟ್ಟಲು ಹಾಲು ಇಡುತ್ತೇನೆ ಅನ್ನುತ್ತಿದ್ದರು.

ಶೂ ಕೂಡ ಅವರದೇ. ಕಾರು ಆರಿಸಿದ್ದೂ ಅವರೇ. ಸ್ಟುಡಿಯೊದ ಗ್ಯಾರೇಜಿನಲ್ಲಿ ಸಾಲು ಸಾಲು ಕಾರು ತೋರಿಸಿದರೆ, ಇವರ ಕಣ್ಣು ಬಿದ್ದದ್ದು ಮೂಲೆಯಲ್ಲಿದ್ದ ಒಂದು ಹಳೆಯ ಪೂಜೋ 403ರ ಮೇಲೆ. ನಾಯಿಯ ವಿಷಯದಲ್ಲಿ ಮಾತ್ರ ಮೊದಲು ಬೇಡ ಅಂದಿದ್ದರು. ಕೋಟಿದೆ, ಚುಟ್ಟಾ ಇದೆ, ಕಾರಿದೆ, ಇನ್ನು ನಾಯಿ ಯಾಕೆ ಅಂತ. ಆಮೇಲೆ ತಂದು ತೋರಿಸಿದರು. ಜೋಲು ಕಿವಿಯ, ಜೊಲ್ಲು ಸುರಿಸುವ, ನಡೆಯಲೂ ಸೋಮಾರಿಯಾದ ಬ್ಯಾಸೆಟ್ ಹೌಂಡ್. ನೋಡಿದ ಕೂಡಲೇ ಒಪ್ಪಿಕೊಂಡರು.

ಇನ್ನು ಜೇಬು. ಇದು ನನಗೆ ತುಂಬಾ ಪ್ರೀತಿಯ ಭಾಗ. ಫಾಕ್ ಅವರ ಕೈ ಯಾವಾಗಲೂ ಏನನ್ನೋ ಹುಡುಕುತ್ತಿರುತ್ತದೆ. ಪೆನ್ಸಿಲ್ ಎಲ್ಲಿ, ಬೆಂಕಿಪೊಟ್ಟಣ ಎಲ್ಲಿ, ಚೀಟಿ ಎಲ್ಲಿ. ಒಂದು ಜೇಬಿನಿಂದ ಅಂಗಡಿ ಸಾಮಾನಿನ ಪಟ್ಟಿ ಬರುತ್ತದೆ, ಇನ್ನೊಂದರಿಂದ ಬೇರೇನೋ. ಕೊನೆಗೆ ಕೊಲೆಗಾರನನ್ನೇ ಕೇಳುತ್ತಾನೆ, ಸರ್, ನಿಮ್ಮ ಹತ್ತಿರ ಪೆನ್ಸಿಲ್ ಇದೆಯಾ? ಇದರಲ್ಲಿ ಎಷ್ಟೋ ಸ್ಕ್ರಿಪ್ಟ್‌ನಲ್ಲಿ ಇರುತ್ತಿರಲಿಲ್ಲ. ಕ್ಯಾಮೆರಾ ಓಡುತ್ತಿರುವಾಗಲೇ ಫಾಕ್ ಸೇರಿಸುತ್ತಿದ್ದರು. ಎದುರಿನ ನಟನಿಗೆ ಮುಂದೇನು ಅಂತ ಗೊತ್ತಿಲ್ಲ. ಅವರ ಮುಖದಲ್ಲಿ ಬರುವ ಕಿರಿಕಿರಿ ನಿಜವಾದದ್ದು. ಆ ನಿಜವೇ ಫಾಕ್‌ಗೆ ಬೇಕಿತ್ತು. ನಮ್ಮಲ್ಲಿ ತಾಲೀಮಿನಲ್ಲಿ ಪ್ರಾಪರ್ಟಿ ಅಂದರೆ ಶೋಗೆ ಎರಡು ದಿನ ಮುಂಚೆ ತರುವ ಸಾಮಾನು. ಅಲ್ಲಿಯವರೆಗೆ ಲೋಟ ಇದೆ ಅಂದುಕೋ, ಪೇಪರ್ ಇದೆ ಅಂದುಕೋ ಅಂತ ಬರಿಗೈಯಲ್ಲೇ ಮಾಡುತ್ತೇವೆ. ನಾಳೆಯಿಂದ ದಯವಿಟ್ಟು ಹಾಗೆ ಮಾಡಬೇಡಿ. ಮೊದಲ ದಿನವೇ ಲೋಟ ಕೈಯಲ್ಲಿರಲಿ.

ಸರಣಿಯ ಕಟ್ಟುವಿಕೆಯೂ ಇದಕ್ಕೆ ಜಾಗ ಮಾಡಿಕೊಟ್ಟಿತು. ಕೊಲಂಬೊ ಕಥೆಯಲ್ಲಿ ಕೊಲೆಗಾರ ಯಾರು ಅನ್ನುವುದು ಗುಟ್ಟಲ್ಲ. ಶುರುವಿನಲ್ಲೇ ಕೊಲೆ ನಮ್ಮ ಕಣ್ಣೆದುರು ನಡೆಯುತ್ತದೆ. ಮಾಡಿದವರು ಯಾವಾಗಲೂ ದೊಡ್ಡವರು. ವೈದ್ಯ, ಲೇಖಕ, ಸಂಗೀತ ನಿರ್ದೇಶಕ, ರಾಜಕಾರಣಿ. ಎಷ್ಟೋ ಹೊತ್ತಾದ ಮೇಲೆ ಕೊಲಂಬೊ ಬರುತ್ತಾನೆ. ಹಾಗಾಗಿ ಉಳಿಯುವುದು ಒಂದೇ ಕುತೂಹಲ. ಇವನು ಅವರನ್ನು ಹೇಗೆ ಹಿಡಿಯುತ್ತಾನೆ? ಅಂದರೆ ಇಬ್ಬರು ನಟರು ಒಂದು ಕೋಣೆಯಲ್ಲಿ ಎದುರು ಬದುರು. ಓಟವಿಲ್ಲ, ಗುಂಡಿನ ಸದ್ದಿಲ್ಲ. ಕೊಲಂಬೊ ಕೈಯಲ್ಲಿ ಸಾಮಾನ್ಯವಾಗಿ ಬಂದೂಕೇ ಇರುವುದಿಲ್ಲ. ಪೂರ್ತಿ ನಾಟಕದ ವ್ಯಾಕರಣ.

ಎರಡು ದೃಶ್ಯ ಹೇಳುತ್ತೇನೆ. ಸಾಧ್ಯವಾದರೆ ಹುಡುಕಿ ನೋಡಿ.

ಮೊದಲನೆಯದು 1971ರ ಸೆಪ್ಟೆಂಬರ್ 15ರಂದು ಎನ್‌ಬಿಸಿ ಚಾನೆಲ್‌ನಲ್ಲಿ ಪ್ರಸಾರವಾದ ‘ಮರ್ಡರ್ ಬೈ ದಿ ಬುಕ್’. ಸರಣಿ ಪೂರ್ಣ ಪ್ರಮಾಣದಲ್ಲಿ ಶುರುವಾದದ್ದೇ ಈ ಕಂತಿನಿಂದ. ನಿರ್ದೇಶಿಸಿದವರು 24 ವರ್ಷದ ಹುಡುಗ, ಸ್ಟೀವನ್ ಸ್ಪೀಲ್‌ಬರ್ಗ್. ಇದರಲ್ಲಿ ಒಬ್ಬ ಲೇಖಕ ಕಾಣೆಯಾಗಿದ್ದಾನೆ. ಹೆಂಡತಿ ಕಂಗಾಲು. ಕೊಲಂಬೊ ಆಕೆಯನ್ನು ಮನೆಗೆ ಬಿಟ್ಟು ಬರಲು ಹೋಗುತ್ತಾನೆ. ವಿಚಾರಣೆ ಶುರು ಮಾಡಬಹುದಿತ್ತು. ಬದಲಿಗೆ ಅಡುಗೆಮನೆಗೆ ಹೋಗಿ ಆಮ್ಲೆಟ್ ಮಾಡಲು ನಿಲ್ಲುತ್ತಾನೆ. ನನಗೆ ಬೇರೆ ಅಡುಗೆ ಬರುವುದಿಲ್ಲ, ಇದೊಂದು ಮಾತ್ರ ಚೆನ್ನಾಗಿ ಬರುತ್ತದೆ ಅನ್ನುತ್ತಾನೆ. ಪಾತ್ರೆ ಹುಡುಕುತ್ತಾನೆ, ಮೊಟ್ಟೆ ಒಡೆಯುತ್ತಾನೆ, ಮಧ್ಯೆ ಮಧ್ಯೆ ಮಾತು. ದುಃಖದಲ್ಲಿರುವ ಹೆಂಗಸಿನ ಮುಂದೆ ಒಬ್ಬ ಪೊಲೀಸ್ ಅಧಿಕಾರಿ ಹೇಗೆ ನಿಲ್ಲಬೇಕು ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ದೃಶ್ಯ ನಾನು ನೋಡಿಲ್ಲ. ಆ ಕೈಗಳನ್ನು ನೋಡುವಾಗ ನನಗೆ ಹಡಗಿನ ಅಡುಗೆಮನೆಯಲ್ಲಿ ದುಡಿದ ಆ ಹುಡುಗ ನೆನಪಾಗುತ್ತಾನೆ.

ಎರಡನೆಯದು 1973ರ ‘ಎನಿ ಓಲ್ಡ್ ಪೋರ್ಟ್ ಇನ್ ಎ ಸ್ಟಾರ್ಮ್’. ಕೊಲೆಗಾರ ಒಬ್ಬ ವೈನ್ ತಯಾರಕ. ಡೊನಾಲ್ಡ್ ಪ್ಲೆಸೆನ್ಸ್ ಅದ್ಭುತವಾಗಿ ಮಾಡಿದ್ದಾರೆ. ವೈನ್ ಬಿಟ್ಟರೆ ಆ ಮನುಷ್ಯನಿಗೆ ಬೇರೆ ಪ್ರಪಂಚವಿಲ್ಲ. ತೋಟ ಮಾರಲು ಹೊರಟ ಮಲತಮ್ಮನನ್ನು ಕೊಂದಿದ್ದಾನೆ. ಅವನನ್ನು ಹಿಡಿಯುವುದಕ್ಕೆ ಕೊಲಂಬೊ ವೈನ್ ಬಗ್ಗೆ ಕಲಿಯುತ್ತಾನೆ, ಶ್ರದ್ಧೆಯಿಂದ, ಶಾಲೆ ಹುಡುಗನ ಹಾಗೆ. ಕೊನೆಗೆ ಅಪರಾಧ ಸಾಬೀತಾಗಿದೆ. ಆ ಹಳೆಯ ಪೂಜೋ ಕಾರಿನಲ್ಲಿ ಇಬ್ಬರೂ ಕೂತಿದ್ದಾರೆ. ಕೊಲಂಬೊ ಒಂದು ಬಾಟಲಿ ತೆಗೆಯುತ್ತಾನೆ, ಲೋಟವನ್ನೂ ತಂದಿದ್ದಾನೆ. ಊಟದ ಕೊನೆಗೆ ಕುಡಿಯುವ ಸಿಹಿ ವೈನ್. ಸರಿಯಾದ ಆಯ್ಕೆ. ಚೆನ್ನಾಗಿ ಕಲಿತಿದ್ದೀರಿ ಅನ್ನುತ್ತಾನೆ ಕೊಲೆಗಾರ. ನನಗೆ ಇಷ್ಟು ಒಳ್ಳೆಯ ಮಾತು ಯಾರೂ ಹೇಳಿರಲಿಲ್ಲ ಅನ್ನುತ್ತಾನೆ ಕೊಲಂಬೊ. ಆ ಮಾತು ಆಡುವಾಗ ಫಾಕ್ ಮುಖದಲ್ಲಿ ಗೆದ್ದ ಖುಷಿ ಎಳ್ಳಷ್ಟೂ ಇಲ್ಲ. ಹಿಡಿದವನು ಹಿಡಿದ, ಆದರೆ ಎದುರಿನವನ ಮರ್ಯಾದೆ ಕಳೆಯಲಿಲ್ಲ.

ಸೆಟ್‌ನಲ್ಲಿ ಫಾಕ್ ಸುಲಭದ ಮನುಷ್ಯ ಆಗಿರಲಿಲ್ಲ. ತೃಪ್ತಿಯಾಗುವವರೆಗೆ ಮತ್ತೆ ಮತ್ತೆ ಟೇಕ್ ಕೇಳುತ್ತಿದ್ದರು. ಸಂಬಳಕ್ಕಾಗಿ, ಕಥೆಗಾಗಿ ಸ್ಟುಡಿಯೊ ಜೊತೆ ಜಗಳ ಆಡಿದರು. ಹಟ ಹಿಡಿದು ಒಂದು ಕಂತನ್ನು, 1972ರ ‘ಬ್ಲೂಪ್ರಿಂಟ್ ಫಾರ್ ಮರ್ಡರ್’, ತಾವೇ ನಿರ್ದೇಶಿಸಿದರು. 1978ಕ್ಕೆ ಎನ್‌ಬಿಸಿಯಲ್ಲಿ ಸರಣಿ ನಿಂತಿತು. 1989ರಲ್ಲಿ ಎಬಿಸಿ ಎಂಬ ಇನ್ನೊಂದು ಚಾನೆಲ್‌ನಲ್ಲಿ ಮತ್ತೆ ಶುರುವಾಯಿತು. ನನ್ನ ಮಟ್ಟಿಗೆ ಎಪ್ಪತ್ತರ ದಶಕದವೇ ಮೇಲು. ಎಬಿಸಿ ಕಂತುಗಳಲ್ಲಿ ಕೈಚಳಕ ಕೆಲವೊಮ್ಮೆ ಜಾಸ್ತಿಯಾಯಿತು, ಸದ್ದಿಲ್ಲದೆ ಮಾಡುತ್ತಿದ್ದದ್ದನ್ನು ತೋರಿಸಿ ಮಾಡಿದಂತೆ ಕಾಣುತ್ತದೆ. ಆದರೂ 1990ರ ಎಮ್ಮಿ ಆ ಕಾಲದ್ದೇ.

ಟಿವಿಯಲ್ಲಿ ದುಡಿದ ಹಣ ಎಲ್ಲಿಗೆ ಹೋಯಿತು ಅನ್ನುವುದನ್ನೂ ಹೇಳಬೇಕು. ಗೆಳೆಯ ಜಾನ್ ಕಸಾವೆಟಿಸ್ ಸ್ಟುಡಿಯೊಗಳ ಹಂಗಿಲ್ಲದೆ ಸಿನಿಮಾ ಮಾಡುತ್ತಿದ್ದರು. ಕೈಯಲ್ಲಿ ದುಡ್ಡಿರಲಿಲ್ಲ. ‘ಎ ವುಮನ್ ಅಂಡರ್ ದಿ ಇನ್‌ಫ್ಲುಯೆನ್ಸ್’ ಚಿತ್ರಕ್ಕೆ ಫಾಕ್ ತಮ್ಮ ಜೇಬಿನಿಂದ 5 ಲಕ್ಷ ಡಾಲರ್ ಹಾಕಿದರು. 1974ರಲ್ಲಿ ಬಂದ ಆ ಚಿತ್ರದಲ್ಲಿ ಅವರದು ನಿಕ್ ಎಂಬ ಕಟ್ಟಡ ಕೆಲಸದ ಮೇಸ್ತ್ರಿ ಪಾತ್ರ. ಹೆಂಡತಿ ಮೇಬಲ್ ಆಗಿ ಜೀನಾ ರೋಲಂಡ್ಸ್. ಹೆಂಡತಿಯ ಮನಸ್ಸು ಕುಸಿಯುತ್ತಿದೆ. ಗಂಡನಿಗೆ ಅವಳ ಮೇಲೆ ಜೀವ, ಆದರೆ ಏನು ಮಾಡಬೇಕು ಅಂತ ತಿಳಿಯುವುದಿಲ್ಲ. ಕಿರುಚುತ್ತಾನೆ, ಹೊಡೆಯುತ್ತಾನೆ. ನಮ್ಮ ಪ್ರೀತಿಯ ಕೊಲಂಬೊ ಇವರೇನಾ ಅನ್ನಿಸುವಷ್ಟು ಕಷ್ಟವಾಗುತ್ತದೆ ನೋಡುವುದು. ಜನಕ್ಕೆ ಇಷ್ಟವಾದ ಒಂದು ಮುಖ ಸಿಕ್ಕ ಮೇಲೂ ಅದನ್ನು ಪಣಕ್ಕಿಟ್ಟು ಇಂಥ ಪಾತ್ರ ಮಾಡಿದರಲ್ಲ, ಅದಕ್ಕೆ ನನಗೆ ಅವರ ಮೇಲೆ ಗೌರವ ಇನ್ನೂ ಹೆಚ್ಚು.

ಬಿಡುವಿದ್ದಾಗ ಚಿತ್ರ ಬರೆಯುತ್ತಿದ್ದರು. ಇದ್ದಿಲು, ಪೆನ್ಸಿಲ್. ಮನುಷ್ಯರ ಆಕೃತಿಗಳೇ ಹೆಚ್ಚು. ನಟರಾಗಿ ಹೆಸರು ಬಂದ ಮೇಲೂ ನ್ಯೂಯಾರ್ಕಿನ ಆರ್ಟ್ ಸ್ಟೂಡೆಂಟ್ಸ್ ಲೀಗ್‌ಗೆ ಹೋಗಿ ವಿದ್ಯಾರ್ಥಿಗಳ ಜೊತೆ ಕೂತು ಕಲಿತವರು ಅವರು.

2003ರಲ್ಲಿ ಕೊನೆಯ ಕಂತು ಬಂತು. 2006ರಲ್ಲಿ ನೆನಪುಗಳ ಪುಸ್ತಕ ಬರೆದರು. ಅದರ ಹೆಸರು ಬಾಗಿಲ ಬಳಿ ಕೊಲಂಬೊ ಆಡುವ ಆ ‘ಇನ್ನೊಂದೇ ಒಂದು ವಿಷಯ’ ಅನ್ನುವ ಮಾತೇ. ಅದಾಗಿ ಎರಡು ಮೂರು ವರ್ಷದಲ್ಲೇ ಮರೆವಿನ ಕಾಯಿಲೆ ಆವರಿಸಿತು. ತಾನು ಕೊಲಂಬೊ ಆಗಿದ್ದೆ ಅನ್ನುವುದೂ ಅವರಿಗೆ ನೆನಪಿರಲಿಲ್ಲ ಎಂದು ಅವರ ವೈದ್ಯರೊಬ್ಬರು ನ್ಯಾಯಾಲಯದಲ್ಲಿ ಹೇಳಿದರು. 2011ರ ಜೂನ್ 23ರಂದು ಬೆವರ್ಲಿ ಹಿಲ್ಸ್‌ನ ಮನೆಯಲ್ಲಿ ತೀರಿಕೊಂಡರು. 83 ವರ್ಷ. 2014ರಲ್ಲಿ ಹಂಗೇರಿಯ ಬುಡಾಪೆಸ್ಟ್‌ನಲ್ಲಿ, ಫಾಕ್ ಮಿಕ್ಶಾ ಎಂಬ ರಸ್ತೆಯಲ್ಲಿ, ಅವರ ಕಂಚಿನ ಪ್ರತಿಮೆ ನಿಲ್ಲಿಸಿದರು. ಕೋಟು ಹಾಕಿಕೊಂಡು ತಲೆ ಕೆರೆಯುತ್ತಾ ನಿಂತ ಕೊಲಂಬೊ, ಕಾಲ ಬಳಿ ಆ ನಾಯಿ.

ನಾನು ಮಾತ್ರ ಅವರನ್ನು ಇನ್ನೊಂದು ಜಾಗದಲ್ಲಿ ನೆನೆಸಿಕೊಳ್ಳುತ್ತೇನೆ. 1987ರ ಬರ್ಲಿನ್. ಜರ್ಮನಿಯ ನಿರ್ದೇಶಕ ವಿಮ್ ವೆಂಡರ್ಸ್ ಅವರ ‘ವಿಂಗ್ಸ್ ಆಫ್ ಡಿಸೈರ್’ ಚಿತ್ರ. ಅದರಲ್ಲಿ ಫಾಕ್ ಫಾಕ್ ಆಗಿಯೇ ಬರುತ್ತಾರೆ, ಸಿನಿಮಾ ಶೂಟಿಂಗ್‌ಗೆ ಬಂದ ನಟನಾಗಿ. ಬೀದಿಯ ಹುಡುಗರು ಇವರು ಕೊಲಂಬೊ ಅಲ್ವಾ ಅಂತ ಪಿಸುಗುಡುತ್ತಾರೆ. ಆ ಊರಿನಲ್ಲಿ ಕಣ್ಣಿಗೆ ಕಾಣದ ದೇವದೂತರು ಓಡಾಡುತ್ತಿದ್ದಾರೆ. ಇವರೂ ಒಂದು ಕಾಲಕ್ಕೆ ದೇವದೂತರಾಗಿದ್ದವರೇ, ಮನುಷ್ಯರಾಗಬೇಕು ಅಂತ ಇಳಿದು ಬಂದವರು. ಚಳಿಯ ರಾತ್ರಿ, ರಸ್ತೆ ಬದಿಯ ಕಾಫಿ ಗಾಡಿ. ಕೈಯಲ್ಲಿ ಬಿಸಿ ಕಾಫಿ ಲೋಟ. ಪಕ್ಕದಲ್ಲಿ ಯಾರೂ ಇಲ್ಲ. ಆದರೆ ಇವರಿಗೆ ಗೊತ್ತಾಗುತ್ತದೆ, ಯಾರೋ ಇದ್ದಾರೆ. ನೀನು ಕಾಣುತ್ತಿಲ್ಲ, ಆದರೆ ಇದ್ದೀಯ ಅಂತ ಗೊತ್ತು ಅಂತ ಮಾತು ಶುರು ಮಾಡುತ್ತಾರೆ. ತಣ್ಣಗಿರುವ ಒಂದು ವಸ್ತುವನ್ನು ಮುಟ್ಟುವುದು ಎಷ್ಟು ಚೆನ್ನ, ಕಾಫಿ ಜೊತೆ ಸಿಗರೇಟು ಎಷ್ಟು ಚೆನ್ನ, ಪೆನ್ಸಿಲ್ ಹಿಡಿದು ಒಂದು ಗೆರೆ ಎಳೆಯುವುದು ಎಷ್ಟು ಚೆನ್ನ ಅಂತ ಹೇಳುತ್ತಾರೆ. ಕೈ ತಣ್ಣಗಾದಾಗ ಹೀಗೆ ಉಜ್ಜಿಕೊಳ್ಳಬಹುದು ನೋಡು ಅಂತ ಎರಡೂ ಕೈ ಉಜ್ಜಿ ತೋರಿಸುತ್ತಾರೆ. ಆಮೇಲೆ ಬಲಗೈಯನ್ನು ಖಾಲಿ ಗಾಳಿಗೆ ಚಾಚಿ, ನಾನು ನಿನ್ನ ಗೆಳೆಯ, ಅನ್ನುತ್ತಾರೆ. ಗಾಡಿಯವನು ಸುಮ್ನೆ ನೋಡುತ್ತಾ ನಿಂತಿರುತ್ತಾನೆ.